ಹಾಯ್ಟ್ ಮ್ಯಾಡ್ರಿ ಬಿಕ್ಕಿದ ಹಾಡು

ಆ ಹಾಡು ರೇಡಿಯೋದಲ್ಲಿ ಬಂದಾಗ ಅಮೆರಿಕದ ಟೆನ್ನೆಸ್ಸೀಯ ಅರ್ಧ ಹೆಂಗಸರು ಅತ್ತರು, ಉಳಿದರ್ಧ ಗಂಡಂದಿರನ್ನು ಬೈದರು. ಎರಡನೇ ಚರಣದಲ್ಲಿ ಹೆಸರಾಂತ ಗಾಯಕ ಹಾಯ್ಟ್ ಮ್ಯಾಡ್ರಿ ಬಿಕ್ಕಿದ್ದು ಯಾವ ಹೆಣ್ಣಿಗಾಗಿ ಎಂದು ಪತ್ರಿಕೆಗಳು ವರ್ಷವಿಡೀ ತಲೆ ಕೆಡಿಸಿಕೊಂಡವು. ಜೊತೆಗೆ ಹಾಡಿದ್ದ ವರ್ಲೀನ್‌ಗೆ ಕಾರಣ ಗೊತ್ತಿತ್ತು. ಅವಳು ತುಟಿಪಿಟಕ್ ಎನ್ನಲಿಲ್ಲ.

ವರ್ಲೀನ್ ಕೆಂಟಕಿಯ ಕೈಗವಸಿನ ಕಾರ್ಖಾನೆಯಲ್ಲಿ ಏಳು ವರ್ಷ ಬರೀ ಹೆಬ್ಬೆರಳುಗಳನ್ನೇ ಹೊಲಿದು, ಹಾಡುಗಾರರ ಊರಾದ ನ್ಯಾಶ್‌ವಿಲ್‌ಗೆ ಬಂದವಳು. ಅವಳ ಮೊದಲೆರಡು ರೆಕಾರ್ಡ್‌ಗಳು ಹೇಳಹೆಸರಿಲ್ಲದೆ ಹೋಗಿದ್ದವು. ಇದೇ ಕೊನೆಯದು ಎಂದು ಕಂಪನಿ ಹೇಳಿಬಿಟ್ಟಿತ್ತು. ಇದೂ ಕೈಕೊಟ್ಟರೆ ಮತ್ತೆ ಹೆಬ್ಬೆರಳುಗಳೇ ಗತಿ.

ಸ್ಟುಡಿಯೋ ಸಿಕ್ಕಿದ್ದು ಬೆಳಿಗ್ಗೆ ಹತ್ತರಿಂದ ಒಂದರವರೆಗೆ. ಒಂದು ಹೊಡೆದರೆ ವಾದ್ಯದವರು ಎದ್ದು ಹೋಗುತ್ತಾರೆ, ಸಂಘದ ನಿಯಮ. ಹನ್ನೆರಡೂ ಮುಕ್ಕಾಲಾದರೂ ಶ್ರುತಿಯ ಜಗಳವೇ ಮುಗಿದಿರಲಿಲ್ಲ. ಹಾಯ್ಟ್‌ಗೆ ಬೇಕಾದದ್ದು ಜಿ ಶ್ರುತಿ. ಅದರಲ್ಲಿ ವರ್ಲೀನ್‌ಳ ಸಾಲುಗಳು ಬಾವಿಯೊಳಗಿಂದ ಕೂಗಿದಂತೆ ಕೇಳುತ್ತಿದ್ದವು.

"ಸಾರ್, ಒಂಚೂರು ಏರಿಸಿದ್ರೆ..."

"ನಾನು ಹುಟ್ಟಿದ್ದೇ ಜೀಯಲ್ಲಿ ಕಣಮ್ಮ, ಸಾಯೋದೂ ಅದ್ರಲ್ಲೇ. ಕೆಳಗೆ ಸಿಗದಿದ್ರೆ ಪಿಸುಗುಟ್ಟು, ಯಾರು ಬೇಡ ಅಂದ್ರು?" ಹಾಗೆಂದು ಅವನು ಬೆನ್ನು ತಿರುಗಿಸಿ, ಆ ಕಡೆಯವರ ರೂಢಿಯಂತೆ ಕೋಲಾ ಬಾಟಲಿಗೆ ಕಡಲೆಕಾಯಿ ಬೀಜ ಸುರಿದುಕೊಳ್ಳತೊಡಗಿದ.

ವರ್ಲೀನ್ ವಾದ್ಯದವರ ಮುಂದಾಳು, ಪಿಯಾನೋದ ಓಡೆಲ್‌ನ ಕಿವಿಗೆ ಬಗ್ಗಿದಳು. "ನಿನ್ನ ದಮ್ಮಯ್ಯ ಅಣ್ಣಾ, ಏನಾದ್ರೂ ಮಾಡು."

ಆ ಊರಿನ ವಾದ್ಯದವರ ಹಾಳೆಯಲ್ಲಿ ಸ್ವರದ ಹೆಸರಿರುವುದಿಲ್ಲ. ಒಂದು, ನಾಲ್ಕು, ಐದು ಎಂದು ಅಂಕಿಗಳಷ್ಟೇ. ಯಾವ ಸ್ವರವನ್ನು ಒಂದು ಎನ್ನಬೇಕೆಂದು ಮುಂದಾಳು ಬೆರಳಲ್ಲಿ ತೋರಿಸಿದರೆ ಹಾಡಿಗೆ ಹಾಡೇ ಮೇಲೆ ಹತ್ತುತ್ತದೆ. ಒಂದು ಬೆರಳು ಮೇಲಕ್ಕಿದ್ದರೆ ಜಿ. ಓಡೆಲ್ ಮೊಣಕಾಲ ಪಕ್ಕದಲ್ಲಿ ಎರಡು ಬೆರಳು ಕೆಳಕ್ಕೆ ಮಾಡಿದ. ಅವರ ಸಂಕೇತದಲ್ಲಿ ಅದು ಬಿ ಫ್ಲ್ಯಾಟ್, ಅಂದರೆ ಜೀಗಿಂತ ಮೂರು ಮೆಟ್ಟಿಲು ಮೇಲಿನ ಶ್ರುತಿ. ಉಳಿದ ನಾಲ್ವರು ನೆಲ ನೋಡುತ್ತಾ ತಲೆಯಾಡಿಸಿದರು.

ಕೆಂಪು ದೀಪ ಹತ್ತಿತು. ಮೊದಲ ಸಾಲಿಗೇ ಹಾಯ್ಟ್‌ನ ಕತ್ತಿನ ನರ ಉಬ್ಬಿತು. ಈಗ ನಿಲ್ಲಿಸುತ್ತಾನೆ, ನನ್ನ ಕತೆ ಮುಗಿಯಿತು ಎಂದುಕೊಂಡಳು ವರ್ಲೀನ್. ಅವನು ನಿಲ್ಲಿಸಲಿಲ್ಲ. ಎರಡನೇ ಚರಣದಲ್ಲಿ 'ನಿನ್ನ ತಟ್ಟೆ ಇಟ್ಟೇ ಇದೆ' ಎಂದು ಮೇಲೇರಿದಾಗ ದನಿ ಸೀಳಿ ಬಿಕ್ಕಿನಂತೆ ಹೊರಬಿತ್ತು. ಹಾಡು ಮುಗಿದಾಗ ಒಂದಕ್ಕೆ ಒಂದೇ ನಿಮಿಷವಿತ್ತು. ಇನ್ನೊಮ್ಮೆ ಹಾಡಲು ಹೊತ್ತೆಲ್ಲಿ? ಹಾಯ್ಟ್ ಟೋಪಿ ಹಾಕಿಕೊಂಡು ಹೊರಟುಹೋದ.

ಆರು ವಾರದಲ್ಲಿ ಅದು ದೇಶಕ್ಕೇ ಮೊದಲ ಹಾಡಾಯಿತು. ಆಮೇಲೆ ನಾಲ್ಕು ವರ್ಷ ಅವರಿಬ್ಬರೂ ಊರೂರಲ್ಲಿ ಅದನ್ನೇ, ಅದೇ ಏರಿದ ಶ್ರುತಿಯಲ್ಲಿ, ಹಾಡಿದರು. ಸರಿಯಾಗಿ ಅದೇ ಜಾಗದಲ್ಲಿ ಬಿಕ್ಕದಿದ್ದರೆ ಜನ ಅವನನ್ನು ಬಿಡುತ್ತಿರಲಿಲ್ಲ. ಅವನ ಗಂಟಲು ಹಾಳಾಗುತ್ತಿರುವುದು ನೋಡಿ ವರ್ಲೀನ್‌ಗೆ ತಿಂದದ್ದು ಮೈಗೆ ಹತ್ತಲಿಲ್ಲ. ಕೊನೆಗೆ ಅಮರಿಲ್ಲೋ ಎಂಬ ಊರಿನಲ್ಲಿ, ವೇದಿಕೆಯ ಹಿಂದೆ, ಬಾಯಿಬಿಟ್ಟಳು.

"ಸಾರ್, ಅವತ್ತು ನಾವು ಹಾಡಿದ್ದು ಜೀಯಲ್ಲಲ್ಲ."

"ಮೂವತ್ತು ವರ್ಷ ಹಾಡಿದೋನಿಗೆ ಅಷ್ಟೂ ಗೊತ್ತಾಗಲ್ವೇನಮ್ಮ?" ಹಾಯ್ಟ್ ಬೂಟಿಗೆ ಕಾಲು ತೂರಿಸುತ್ತಾ ಹೇಳಿದ. "ತಂತಿ ಮೀಟಿದ ತಕ್ಷಣ ಗೊತ್ತಾಯ್ತು."

"ಮತ್ಯಾಕೆ ನಿಲ್ಲಿಸ್ಲಿಲ್ಲ?"

"ನಿಲ್ಲಿಸಿದ್ರೆ ನಿನ್ನನ್ನ ಕಾರ್ಖಾನೆಗೆ ಅಟ್ಟೋರು. ಸರಿ ಅಂತ ಒಪ್ಪಿದ್ರೆ ಐದು ಜನರ ಮುಂದೆ ನನ್ನ ಮರ್ಯಾದೆ ಹೋಗೋದು. ಬಾಯಿ ಮುಚ್ಕೊಂಡು ಹಾಡೋದೇ ವಾಸಿ ಅನ್ನಿಸ್ತು."

ವರ್ಲೀನ್‌ಗೆ ತಡೆಯಲಾಗಲಿಲ್ಲ, ಕಣ್ಣೀರು ಧಾರಾಕಾರವಾಗಿ ಸುರಿಯಿತು. ಹಾಯ್ಟ್ ಎದ್ದು ತನ್ನ ಕರವಸ್ತ್ರ ಕೊಟ್ಟ.

"ಒರೆಸ್ಕೋ. ಅಳೋದು ನನ್ನ ಕೆಲಸ."