ಬಟಾಟೆಯ ಕಾವಲು

ನನ್ನ ಗಂಡ ಪ್ರೇಮನಾಥರಿಗೆ ಈಗ ನನ್ನ ಹೆಸರು ನೆನಪಿಲ್ಲ. ಈ ಗಲ್ಫ್ ಊರಿನ ಘಾಲಾ ಬಡಾವಣೆಯ ಗೋದಾಮು ಮಾತ್ರ ನೆನಪಿದೆ. ಅಲ್ಲಿ ಬಟಾಟೆ ದಾಸ್ತಾನು ನೋಡಿಕೊಳ್ಳುತ್ತಿದ್ದವರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಡುತ್ತಾರೆ. ಜುಲೈ ತಿಂಗಳಲ್ಲಿ ಹಾಗೆ ಹೋದವರು ನಾವಿರುವ ಅಲ್ ಖೌದ್‌ನ ಬಿಸಿಲಲ್ಲಿ ರಸ್ತೆಬದಿ ಕುಸಿದು ಬಿದ್ದಿದ್ದರು.

“ಇನ್ನು ಬಾಗಿಲಿಗೆ ಬೀಗ ಹಾಕಿ ಕೀಲಿ ನಿನ್ನ ಹತ್ತಿರವೇ ಇಟ್ಟುಕೊಳ್ಳಮ್ಮ,” ಎಂದ ಮಗ ಹರ್ಷಿತ್. ಅವನು ಆಫೀಸಿಗೆ ಹೋದ ಮೇಲೆ ಅವರನ್ನು ಹಿಡಿದು ನಿಲ್ಲಿಸುವ ಶಕ್ತಿ ನನಗಿಲ್ಲ, ನಿಜ. ಆದರೆ ಮನೆಯ ಯಜಮಾನರನ್ನು ಕೂಡಿಹಾಕುವುದು ಹೇಗೆ? ಸ್ವಲ್ಪ ದಿನ ತಾಳು ಎಂದೆ.

ಕೆಳಗಿನ ಅಂಗಡಿಯಲ್ಲಿ ಬಟಾಟೆ ಪೋಡಿ, ಬಜ್ಜಿ ಕರಿಯುವ ನಫೀಸಾಳ ಹತ್ತಿರ ಇದನ್ನು ಹೇಳಿಕೊಂಡು ಅತ್ತಿದ್ದೆ. ಮರುದಿನ ಅವಳು ಎರಡು ಗೋಣಿ ಬಟಾಟೆ ಹೊರಿಸಿಕೊಂಡು ಮೇಲೆ ಬಂದಳು.

“ಪ್ರೇಮಣ್ಣ, ನನ್ನ ಅಂಗಡಿಯ ಎಸಿ ಹಾಳಾಗಿದೆ ಮಾರಾಯ್ರೆ. ಇದು ಮೊಳಕೆ ಬಂದ್ರೆ ನನ್ನ ಕಥೆ ಖಲಾಸ್. ನೀವೇ ನೋಡಿಕೊಳ್ಬೇಕು.”

ಅವರ ಬೆನ್ನು ನೆಟ್ಟಗಾಯಿತು. “ನೀರುಳ್ಳಿ ಹತ್ತಿರ ಇಡಬೇಡ. ಪರದೆ ಎಳೆ. ಯಲ್ಲಾ, ಯಲ್ಲಾ, ಬೇಗ!”

ಅಂಗಡಿಯ ಎಸಿ ಚೆನ್ನಾಗಿಯೇ ಇತ್ತು.

ಅಂದಿನಿಂದ ಅವರು ಗೋಣಿ ಇಟ್ಟು ಪರದೆ ಎಳೆದ ಕತ್ತಲೆ ಕೋಣೆಯಲ್ಲೇ ಕುಳಿತರು. ನಾನು ದೀಪ ಹಾಕಿದರೆ, “ಯಾರದು? ಬೆಳಕು ಬೇಡ, ಬಟಾಟೆ ಹಸಿರಾಗ್ತದೆ,” ಎಂದು ಗದರುತ್ತಿದ್ದರು. ಚಹಾದ ಲೋಟವನ್ನು ಕತ್ತಲಲ್ಲೇ ತಡವಿ ಅವರ ಕೈಗಿಡುತ್ತಿದ್ದೆ. ನಫೀಸಾ ಆಗಾಗ ಹಳೆಯ ಗೋಣಿ ಒಯ್ದು ಹೊಸದು ಇಡುತ್ತಿದ್ದಳು. ಬಾಗಿಲಿಗೆ ಬೀಗ ಬೀಳಲಿಲ್ಲ.

ಆಗಸ್ಟಿನಲ್ಲಿ ಅವಳು ಜ್ವರ ಬಂದು ಮಲಗಿದಳು. ಗೋಣಿ ಬದಲಾಗಲಿಲ್ಲ. ಒಂದು ಮಧ್ಯಾಹ್ನ ನಾನು ಸ್ನಾನ ಮುಗಿಸಿ ಬಂದಾಗ ಕೋಣೆ ಖಾಲಿ. ಗೋಣಿಯ ಬಾಯಿ ಬಿಚ್ಚಿತ್ತು. ನೆಲದ ಮೇಲೆ ಒಂದು ಬಟಾಟೆ, ಅದಕ್ಕೆ ಬಿಳಿ ಮೊಳಕೆ. ಚಪ್ಪಲಿ ಬಾಗಿಲಲ್ಲೇ ಇತ್ತು.

ನಾನು ಫೋನ್ ಮಾಡಿದ ಕೂಡಲೇ ನಫೀಸಾ ಜ್ವರದಲ್ಲೇ ತಲೆಗೆ ಶಾಲು ಸುತ್ತಿಕೊಂಡು ಓಡಿದಳು. ಹೆದ್ದಾರಿಯ ಪಕ್ಕದಲ್ಲಿ ಸಿಕ್ಕರಂತೆ. ಯಾರೋ ಟ್ಯಾಕ್ಸಿಯವನು ತನ್ನ ಕಾರಿನ ನೆರಳಲ್ಲಿ ಕೂರಿಸಿ ನೀರು ಕುಡಿಸುತ್ತಿದ್ದನಂತೆ. ಮನೆಗೆ ಕರೆತಂದಾಗ ನೋಡಿದೆ, ಅಂಗಾಲು ಸುಟ್ಟು ಬೊಕ್ಕೆ ಎದ್ದಿತ್ತು.

“ಗೋದಾಮಿನಲ್ಲಿ ಕರೆಂಟ್ ಹೋಗಿದೆ,” ಎಂದರು ಅವರು, ನನ್ನ ಕೈ ಕೊಡವಿ. “ಎಲ್ಲಾ ಮೊಳಕೆ ಬರ್ತಾ ಉಂಟು. ಬಿಡಿ ನನ್ನನ್ನು.”

ಆ ಸಂಜೆ ಹರ್ಷಿತ್ ಅವರ ಕಾಲಿಗೆ ಮುಲಾಮು ಹಚ್ಚಿದ. ಬೀಗವನ್ನು ನಾನೇ ತರಿಸಿದೆ.

ನಫೀಸಾ ಈಗಲೂ ದಿನಾ ಸಂಜೆ ಬರುತ್ತಾಳೆ. ಕಾಲಿಗೆ ಬಟ್ಟೆ ಸುತ್ತಿಕೊಂಡು ಅವರು ಬಾಗಿಲ ಬಳಿಯೇ ಕುಳಿತಿರುತ್ತಾರೆ. ನಾನು ಒಳಗಿನಿಂದ ಕೀಲಿ ತಿರುಗಿಸುವ ಸದ್ದು ಅವರಿಗೆ ಕೇಳಿಸಬಾರದೆಂದು ಅವಳು ಹೊರಗಿನಿಂದಲೇ ಜೋರಾಗಿ ಕೂಗುತ್ತಾಳೆ: “ಪ್ರೇಮಣ್ಣ, ನನ್ನ ಬಟಾಟೆ ಹೇಗುಂಟು?”