ಅವಳು ಬೆರಳಿಟ್ಟ ಕಡೆ

ಟೈಲರಮ್ಮ ಬೆರಳಿಟ್ಟ ಕಡೆ ಕಣ್ಣು ಮುಚ್ಚಿ ಸಹಿ ಹಾಕುವುದು ಮದುವೆಯಾದಾಗಿನಿಂದ ಅವಳ ಗಂಡನಿಗೆ ಅಭ್ಯಾಸ. ಮನೆಗೆಲ್ಲ ಇದ್ದದ್ದು ಒಂದೇ ಕನ್ನಡಕ, ಅದು ಯಾವಾಗಲೂ ಅವಳ ಮೂಗಿನ ಮೇಲೆ. ಮಕ್ಕಳಿಲ್ಲದ ಜೋಡಿ, ಯಾರು ಮೊದಲು ಹೋದರೂ ಉಳಿದವರಿಗೆ ತಲೆ ಮೇಲಿನ ಸೂರು ತಪ್ಪಬಾರದೆಂದು ಹೋದ ವರ್ಷ ವಕೀಲರಿಂದ ಎರಡು ಉಯಿಲು ಬರೆಸಿ ತಂದಿದ್ದರು. ಅವನದೆಲ್ಲ ಅವಳಿಗೆ, ಅವಳದೆಲ್ಲ ಅವನಿಗೆ. ಪಕ್ಕದ ಮನೆಯವರಿಬ್ಬರನ್ನು ಸಾಕ್ಷಿಗೆ ಕರೆದು, ಹೊಲಿಗೆ ಯಂತ್ರದ ಮೇಲೇ ಸಹಿ ಮುಗಿಸಿದ್ದರು.

"ಕನ್ನಡಕ ಕೊಡೇ, ಒಂದ್ಸಲ ಓದ್ತೀನಿ," ಎಂದಿದ್ದ ಅವನು.

"ನೀವು ಓದಿ ಉದ್ಧಾರ ಮಾಡಿದ್ದು ಸಾಕು. ಇಲ್ಲಿ ಹಾಕಿ," ಎಂದು ಇವಳು ರೇಗಿದ್ದಳು.

ಅವನು ಸತ್ತ ಇಪ್ಪತ್ತನೇ ದಿನ ವಕೀಲರು ಲಕೋಟೆ ಒಡೆದು, ಹಾಳೆಗಳನ್ನು ಎರಡೆರಡು ಸಲ ತಿರುವಿ ಹಾಕಿದರು.

"ಅಮ್ಮಾ, ನಿಮ್ಮ ಉಯಿಲಿಗೆ ಅವರು ಸಹಿ ಹಾಕಿದಾರೆ, ಅವರದಕ್ಕೆ ನೀವು. ಎರಡೂ ನಡೆಯಲ್ಲ. ಮನೆ ಅವರ ಹೆಸರಲ್ಲಿತ್ತು. ಕ್ರೈಸ್ತರ ಉತ್ತರಾಧಿಕಾರದ ಕಾನೂನಿನ ಪ್ರಕಾರ, ಮಕ್ಕಳಿಲ್ಲದ್ದರಿಂದ ಅರ್ಧ ಅವರ ಅಣ್ಣನಿಗೆ ಹೋಗುತ್ತೆ."

ಆ ಭಾವ ಮೂವತ್ತು ವರ್ಷ ಇವರ ಹೊಸಿಲು ತುಳಿದವನಲ್ಲ. ಸಾವಿಗೆ ಬಂದವನು ಹೆಣಕ್ಕಿಂತ ಹೆಚ್ಚು ಹೊತ್ತು ಗೋಡೆಗಳನ್ನೇ ನೋಡಿ ಹೋಗಿದ್ದ.

"ಕನ್ನಡಕ ಕೇಳಿದ್ರು ಸಾರ್ ಅವರು," ಎಂದಳು ಟೈಲರಮ್ಮ. "ನಾನೇ ಕೊಡ್ಲಿಲ್ಲ."

ವಕೀಲರು ಹೊಸದೊಂದು ನಮೂನೆ ಮುಂದಿಟ್ಟರು. "ಉಳಿದರ್ಧಕ್ಕಾದ್ರೂ ಈಗಲೇ ಬರೆಸಿಬಿಡಿ. ನಿಮ್ಮ ನಂತರ ಯಾರಿಗೆ?"

ಅವಳು ಕನ್ನಡಕ ಒರೆಸಿ ಹಾಕಿಕೊಂಡಳು. ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕಂಡಿತು. ಹೆಸರಿಗೆಂದು ಬಿಟ್ಟಿದ್ದ ಖಾಲಿ ಜಾಗದ ಮೇಲೆ ಬೆರಳಿಟ್ಟು, ಪಕ್ಕದ ಕುರ್ಚಿಯ ಕಡೆ ತಿರುಗಿದಳು.

"ರೀ, ಇಲ್ಲಿ..."