ಮಾವನ ಮರಳು

ಒಂದರ ಹಿಂದೊಂದು ಮೂರು ಸೈಕಲ್ ರೇಸುಗಳಲ್ಲಿ ಕೊನೆಯವಳಾದ ಮೇಲೆ ಯುರಾನಿ ತನ್ನ ಬೊಯಾಕಾ ಸೀಮೆಯ ಬೆಟ್ಟ ಹತ್ತುವ ಅಭ್ಯಾಸವನ್ನೇ ಬಿಟ್ಟಿದ್ದಳು. ಒಂದು ಬೆಳಿಗ್ಗೆ ತನ್ನ ಸೈಕಲ್ಲಿನ ಕೆಳಗೆ ಒಂದಿಷ್ಟು ಮರಳು ಚೆಲ್ಲಿದ್ದು ಕಂಡಿತು. ಸೈಕಲ್ ರಿಪೇರಿ ಮಾಡುವವನು ಸೋದರಮಾವ ಎಲಿಸೆಯೊ. ಅವನ ಮಗಳೂ ಅದೇ ರೇಸುಗಳಲ್ಲಿ ತುಳಿಯುವವಳು. ಹಾಗಾದರೆ ಚೌಕಟ್ಟಿನ ಕೊಳವೆಯೊಳಗೆ ಮರಳು ತುಂಬಿ ಸೈಕಲ್ ಭಾರ ಮಾಡುತ್ತಿರುವವನು ಇವನೇ!

ಯುರಾನಿ ಬೆಟ್ಟದ ಕೆಳಗಿನ ಮಾರುಕಟ್ಟೆಗೆ ತುಳಿದುಕೊಂಡು ಇಳಿದು ಆಲೂಗಡ್ಡೆ ತೂಗುವ ತಕ್ಕಡಿಗೆ ಸೈಕಲ್ ಏರಿಸಿದಳು. ಎಂಟು ಕಿಲೋ, ಕೊಂಡಾಗ ಇದ್ದಷ್ಟೇ. ಸುಳಿವು ಸಿಕ್ಕಿ ತೆಗೆದುಬಿಟ್ಟಿದ್ದಾನೆ, ಕಳ್ಳ! ಮಾರನೆಯ ದಿನ ಯಾರಿಗೂ ಹೇಳದೆ ಮತ್ತೆ ಇಳಿದಳು. ಎಂಟೇ. ಹೀಗೆ ಐದು ವಾರ, ದಿನಾ ಹನ್ನೆರಡು ಕಿಲೋಮೀಟರ್ ಇಳಿದು, ತೂಗಿ, ಹಲ್ಲು ಕಡಿಯುತ್ತಾ ಅಷ್ಟೇ ದಾರಿ ತುಳಿದು ಹತ್ತಿದಳು.

ಕೊನೆಗೊಂದು ದಿನ ಹತ್ತಿ ಬಂದವಳೇ ಮಾವನ ಮೇಲೆ ಹರಿಹಾಯ್ದಳು. "ಮರಳು ಎಲ್ಲಿ ಬಚ್ಚಿಟ್ಟಿದ್ದೀರಿ ಮಾವ? ಬೊಗಳಿ!"

ಎಲಿಸೆಯೊ ಕೈ ಒರೆಸಿಕೊಂಡ. "ನೆಲದ ಮೇಲೆ ಒಂದು ಹಿಡಿ ಚೆಲ್ಲಿದ್ದೆ, ಅಷ್ಟೇ ಕಣೇ. ಬೆಟ್ಟ ಹತ್ತು ಅಂತ ಕಾಲಿಗೆ ಬಿದ್ರೂ ನೀನು ಹತ್ತುತ್ತಿರಲಿಲ್ಲ. ಅದಿರಲಿ, ಹನ್ನೆರಡು ಕಿಲೋಮೀಟರ್ ಏರಿ ಬಂದವಳಿಗೆ ಇಷ್ಟು ಕೂಗಾಡೋಕೆ ಉಸಿರು ಎಲ್ಲಿಂದ ಬಂತು?"